ಬೂಂದಿಯ ತೂಕ

ಗಜೇಂದ್ರಗಡ
ತಾ. 9-2-2025, ರವಿವಾರ ಮಧ್ಯಾಹ್ನ

ಚಿನ್ನುವಿನ ಪಪ್ಪಾ ಅವರಿಗೆ ರಾಜೇಶ್ವರಿ ಮಾಡುವ ಶರಣು ಶರಣಾರ್ಥಿ.

ನಿಮ್ಮ ಪತ್ರ ಗುರುವಾರ ಮುಟ್ಟಿತು. ಕೈ ನಡುಗುವುದು ಈಗ ಕಡಿಮೆ ಆಗಿರಬೇಕು. ಡಿಸೆಂಬರಿನಲ್ಲಿ ಬಂದ ಪತ್ರದಲ್ಲಿ ಅಕ್ಷರಗಳು ಇರುವೆಸಾಲಿನ ಮೇಲೆ ನೀರು ಸುರಿದ ಹಾಗೆ ಚೆದುರಿದ್ದವು, ಈ ಸಲ ಸಾಲುಗಳು ನೆಟ್ಟಗಿವೆ. ನಿದ್ದೆ ಬರುತ್ತದೆಯೇ? ರೊಟ್ಟಿ ಕೊಡುತ್ತಾರೋ, ಎರಡೂ ಹೊತ್ತು ಅನ್ನವೋ? ಅನ್ನ ಉಂಡರೆ ನಿಮಗೆ ಹೊಟ್ಟೆ ಉಬ್ಬರಿಸುತ್ತದೆ, ಅಲ್ಲಿಯವರಿಗೆ ಹೇಳಿದ್ದೀರೋ ಇಲ್ಲವೋ. ಸ್ವೆಟರ್ ಕಳಿಸಿದ್ದೆ, ಮುಟ್ಟಿತು ಎಂದು ಒಂದು ಮಾತು ಬರೆದಿಲ್ಲ. ದಾರಿಯಲ್ಲಿ ಕಳೆಯಿತೋ, ಬೇರೆ ಯಾರಾದರೂ ಹಾಕಿಕೊಂಡಿದ್ದಾರೋ ಎಂದು ನನಗೆ ಇಲ್ಲಿ ಚಳಿ. ನಾವೆಲ್ಲ ಆರಾಮ ಇದ್ದೇವೆ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ.

ನಿನ್ನೆ ಮಧ್ಯಾಹ್ನ ಹೆಸರುಕಾಳು ಹಸನು ಮಾಡುತ್ತಾ ಗೋಡೆಗೆ ಒರಗಿದವಳಿಗೆ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ರೋಣ ರಸ್ತೆಯ ನಮ್ಮ ಗೋದಾಮಿನ ಮುಂದೆ ನಿಂತಿದ್ದೇನೆ. ಉರಿಬಿಸಿಲು. ಶಟರ್ ಕೆಳಗೆ ಇಳಿದಿದೆ. ಒಳಗಿನಿಂದ ಯಾರೋ ಬೆರಳ ತುದಿಯಿಂದ ತಟ್ಟುತ್ತಿದ್ದಾರೆ. ಜೋರಾಗಿ ಅಲ್ಲ, ಅವಸರ ಇಲ್ಲ, ಒಂದಾದ ಮೇಲೆ ಒಂದು. ನನ್ನ ಕೈಯಲ್ಲಿ ಕೀಲಿಗೊಂಚಲು, ಒಂದು ಕೀಲಿಯೂ ಹತ್ತುತ್ತಿಲ್ಲ. ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನವರನ್ನು ಕರೆದರೆ ನಗುತ್ತಾ ಹೋಗುತ್ತಾರೆ. ಆಮೇಲೆ ತಟ್ಟುವುದು ನಿಂತಿತು. ಎಚ್ಚರಾದಾಗ ಮೊರದ ಕಾಳೆಲ್ಲ ನನ್ನ ಉಡಿಯಲ್ಲಿ ಚೆಲ್ಲಿತ್ತು. ಎದ್ದವಳು ಮೊದಲು ಓಡಿದ್ದು ಬೂಂದಿಯ ಪೆಟ್ಟಿಗೆಯ ಕಡೆ. ಅದು ಒಡೆದ ಹೆಂಚಿನ ಕೆಳಗೆ ಗದ್ದ ಊರಿಕೊಂಡು ಮಲಗಿತ್ತು, ಪಕ್ಕೆ ಏರಿ ಇಳಿಯುತ್ತಿತ್ತು. ಬೂಂದಿ ಬದುಕಿದೆ. ಇದನ್ನು ಮೊದಲಿಗೇ ಬರೆದುಬಿಡುತ್ತೇನೆ, ಯಾಕೆಂದರೆ ನಿಮ್ಮ ಎರಡು ಹಾಳೆಯ ಪತ್ರದಲ್ಲಿ ಮೂರು ಸಲ ಕೇಳಿದ್ದು ಅದೊಂದನ್ನೇ. ಬೂಂದಿ ತಿನ್ನುತ್ತಿದೆಯೇ, ಬೂಂದಿಯ ಬಾಲ ತುಂಬಿತೇ, ಬೂಂದಿಗೆ ಚಳಿ ಆಗದ ಹಾಗೆ ನೋಡಿಕೋ. ನಾನು ಉಂಡೆನೇ ಎಂದು ಒಂದು ಸಲವೂ ಇಲ್ಲ. ಅತ್ತೆಯವರ ಮೊಣಕಾಲು ಒಂದು ಸಲ. ಚಿನ್ನುವಿನ ಬಗ್ಗೆ ಒಂದು ಸಾಲು. ಆ ಸಾಲಿನ ಮಾತು ಆಮೇಲೆ.

ಅದೇ ಲಕೋಟೆಯಲ್ಲಿ ನಿಮ್ಮ ಕೇಂದ್ರದವರ ಕಾಗದವೂ ಇತ್ತು. ಕುಡಿತ ಬಿಡಿಸುವ ತೊಂಬತ್ತು ದಿನ ಇದೇ 25ಕ್ಕೆ ಮುಗಿಯುತ್ತವೆ, ಮನೆಯ ಜವಾಬ್ದಾರಿ ಇದ್ದವರು ಬಂದು ಸಹಿ ಮಾಡಿ ಕರೆದುಕೊಂಡು ಹೋಗಬೇಕು, ಬರುವುದಾಗದಿದ್ದರೆ ಮೊದಲೇ ತಿಳಿಸಬೇಕು ಎಂದಿದೆ. ಮರುದಿನವೇ ಶಿವರಾತ್ರಿ. ಅತ್ತೆಯವರು ಆಗಲೇ ನಿಮ್ಮ ಹಾಸಿಗೆಗೆ ಬಿಸಿಲು ತೋರಿಸಿದ್ದಾರೆ. ನಾನು ಮಾತ್ರ ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ. ಸಹಿ ಮಾಡುವ ಜಾಗವನ್ನು ನಾಲ್ಕು ದಿನದಿಂದ ನೋಡುತ್ತಾ ಕೂತಿದ್ದೇನೆ. ತವರುಮನೆ ಹೊಳೆಮಣ್ಣೂರಿನಲ್ಲಿ ಹೊಳೆ ಸಾಲಿಯೊಳಗೇ ಬಂದ ವರ್ಷ ಏಳನೇ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು, ಸಹಿ ಎಂದರೆ ಮೊದಲೇ ಅಂಜಿಕೆ. ಬರೆದದ್ದರಲ್ಲಿ ತಪ್ಪಿದ್ದರೆ ನಿಮ್ಮ ಕೇಂದ್ರದ ಸರ್ ತಿದ್ದಿಕೊಳ್ಳಲಿ. ಮನೆಯಿಂದ ಬಂದ ಪತ್ರ ಅವರು ಮೊದಲು ಓದುತ್ತಾರೆ ಎಂದು ಬರೆದಿದ್ದೀರಿ. ಓದಲಿ.

ನೀವು ಮೊದಲನೇ ಸಲ ಕುಡಿತ ಬಿಟ್ಟ ವರ್ಷ ನೆನಪಿದೆಯೇ? ಗದಗಿನ ಡಾಕ್ಟರು ಹೇಳಿದ್ದರು, ಸಂಜೆ ಆರಕ್ಕೆ ಕೈ ಖಾಲಿ ಇರಬಾರದು, ಏನಾದರೂ ಹವ್ಯಾಸ ಹಚ್ಚಿಕೊಳ್ಳಿ ಎಂದು. ಬೇರೆಯವರಾದರೆ ಗಿಡ ಹಚ್ಚುತ್ತಿದ್ದರು, ಭಜನೆಗೆ ಹೋಗುತ್ತಿದ್ದರು. ನೀವು ಹುಬ್ಬಳ್ಳಿಗೆ ಹೋಗಿ ರಶೀದಿ ಸಮೇತ ಒಂದು ಹಲ್ಲಿ ತಂದಿರಿ. ನಮ್ಮ ಗೋಡೆಯ ಹಲ್ಲಿ ಅಲ್ಲ, ಹೊರದೇಶದ್ದು. ಹಳದಿ ಮೈ, ಮೇಲೆ ಕರಿ ಚುಕ್ಕೆ, ಗೋಡೆ ಹತ್ತುವುದಿಲ್ಲ, ಮನುಷ್ಯರ ಹಾಗೆ ಕಣ್ಣು ಮುಚ್ಚಿ ತೆಗೆಯುತ್ತದೆ. ಬೂಂದಿ ಕಾಳಿನಂಥ ಬಣ್ಣ ಎಂದು ಚಿನ್ನು ಬೂಂದಿ ಎಂದು ಹೆಸರಿಟ್ಟಳು. ಓಣಿಯೆಲ್ಲ ನೋಡಲು ಬಂದಿತ್ತು. ನಮ್ಮ ಪಕ್ಕದ ಮನೆ ಪತ್ತಾರ ಈಶಪ್ಪ ಕಾಕಾ ಬಂಗಾರ ತೂಗುವ ತಕ್ಕಡಿಯಲ್ಲಿ ಅದನ್ನು ತೂಗಿ, "ಎರಡು ತೊಲಿ ಐತೆವ್ವಾ, ಮುತ್ತಿನ ಬೆಂಡೋಲಿ ಮಾಡಸ್ತಿಯೋ ಏನ್ ಸರಾ ಮಾಡಸ್ತಿ?" ಎಂದು ನನ್ನನ್ನು ಕಾಡಿದ್ದರು. ಬಾಟಲಿಗಿಂತ ಹಲ್ಲಿ ಚಲೋ ಎಂದು ನಾನೇ ಎಲ್ಲರ ಮುಂದೆ ಹೇಳಿದ್ದೆ. ಆ ಮಾತು ಈಗ ನನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

ತಕರಾರು ಬಂದದ್ದು ಅದರ ಊಟಕ್ಕೆ. ಜೀವ ಇದ್ದ ಹುಳ ಬಿಟ್ಟು ಬೇರೆ ಏನನ್ನೂ ಅದು ಮೂಸುವುದಿಲ್ಲ. ಅತ್ತೆಯವರು ಲಿಂಗಪೂಜೆಗೆ ಕೂತವರು ಅಲ್ಲಿಂದಲೇ ಅಂದರು, "ಸಂಗನಬಸವಾ, ಲಿಂಗ ಕಟ್ಟಿದ ಮನ್ಯಾಗ ಹುಳಾ ಕೊಲ್ಲಾಕ ನಾ ಬಿಡೂದಿಲ್ಲ. ಉಣಸೂದಿದ್ರ ಹೊರಗ ಉಣಿಸ್ಕೊಂಡ್ ಬಾ." ಅವತ್ತಿನಿಂದ ಹುಳದ ಡಬ್ಬಿ ಗೋದಾಮಿನಲ್ಲಿ, ಬೂಂದಿ ಮನೆಯಲ್ಲಿ. ದಿನಾ ಸಂಜೆ ಅಂಗಡಿ ಮುಚ್ಚಿ ನೀವು ಬೂಂದಿಯನ್ನು ಸಣ್ಣ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬೈಕಿನ ಮೇಲೆ ಗೋದಾಮಿಗೆ ಹೋಗಿ ಉಣಿಸಿಕೊಂಡು ಬರುತ್ತಿದ್ದಿರಿ. ಒಂದು ವರ್ಷ ಹಾಗೆ ಖರೇನೇ ನಡೆಯಿತು, ನಾನು ಅಲ್ಲಗಳೆಯುವುದಿಲ್ಲ. ಕಳೆದ ನಾಗರಪಂಚಮಿಗೆ ಬೂಂದಿ ಐವತ್ತೆರಡು ಗ್ರಾಂ ತೂಗಿತು, ಬಾಲ ನಿಮ್ಮ ಹೆಬ್ಬೆರಳಿನಷ್ಟು ದಪ್ಪ. ಮಗನಿಗೆ ಹಲ್ಲಿಯ ಮೇಲೆ ಇಷ್ಟು ಮಮತೆ ಇದ್ದರೆ ಮನೆಯವರ ಮೇಲೆ ಎಷ್ಟಿರಬೇಕು ಎಂದು ಅತ್ತೆಯವರು ಓಣಿಯ ಹೆಂಗಸರ ಮುಂದೆ ಹೆಚ್ಚುಗಾರಿಕೆ ಹೇಳಿಕೊಳ್ಳುತ್ತಿದ್ದರು.

ಶ್ರಾವಣ ಮುಗಿದ ಮೇಲೆ ಅರ್ಧ ತಾಸಿನ ಕೆಲಸ ಒಂದೂವರೆ ತಾಸು ಆಗತೊಡಗಿತು. ಬರುವಾಗ ಬಾಯಲ್ಲಿ ಬಡೇಸೋಪು. ಕೇಳಿದರೆ, ಹುಳ ಸಿಗಲಿಲ್ಲ, ಬೂಂದಿ ಸಾವಕಾಶ ತಿಂತು, ಹಮಾಲರು ಮಾತಿಗೆ ಹಿಡಿದರು. ವಾಸನೆ ನನಗೆ ಬಂದಿತ್ತು. ಬಂದೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಎಂಥ ಜಾಣೆ ನೋಡಿರಿ, ಕೂಸು ಜೋಡಿಗಿದ್ದರೆ ಇವರು ಬೇರೆ ಕಡೆ ಹೋಗುವುದಿಲ್ಲ ಎಂದು ಲೆಕ್ಕ ಹಾಕಿ, ಚಿನ್ನುವನ್ನೂ ನಿಮ್ಮ ಬೈಕಿನ ಮೇಲೆ ಹತ್ತಿಸಿ ಕಳಿಸತೊಡಗಿದೆ. ಪೆಟ್ಟಿಗೆ ಅಲುಗಾಡದ ಹಾಗೆ ಅವಳು ಹಿಡಿದುಕೊಳ್ಳುತ್ತಾಳೆ ಎಂದು ನಿಮಗೆ ಹೇಳಿದ್ದು. ಕಾವಲಿಗೆ ಎಂದು ಹೇಳಲಿಲ್ಲ. ಬೂಂದಿ ಎಷ್ಟು ತಿಂತು ಎಂದು ಬರೆದಿಡಲು ಅವಳಿಗೆ ಒಂದು ವಹಿ ಕೊಟ್ಟಿರಿ. ದಿನಾ ಬಂದು ಅಜ್ಜಿಯ ಮುಂದೆ ಓದುತ್ತಿದ್ದಳು, "ಇವತ್ತ ಐದು ಹುಳಾ." ಒಂದು ದಿನ ಅವಳು ಹಾಗೆ ಓದುವುದಕ್ಕೂ ಗೋಡೆಯ ಹಲ್ಲಿ ಲೊಚಗುಟ್ಟುವುದಕ್ಕೂ ಸರಿಹೋಯಿತು. ಅತ್ತೆಯವರು ನೆಲಕ್ಕೆ ಬೆರಳು ಕುಟ್ಟಿ, "ಖರೇ ಐತಿ ನೋಡು, ಹಲ್ಲಿನೂ ಹೌದಂತು" ಎಂದರು. ನೀವೂ ನಕ್ಕಿರಿ. ಆ ಗೋಡೆಯ ಹಲ್ಲಿಯ ಮುಖ ನೋಡಲು ನನಗೆ ಈಗಲೂ ಮನಸ್ಸಿಲ್ಲ.

ನವೆಂಬರ್ 24ಕ್ಕೆ ನೀವು ರಸ್ತೆಬದಿಗೆ ಬಿದ್ದಿರಿ. ಅವತ್ತು ಚಿನ್ನುವಿಗೆ ಜ್ವರ ಬಂದು ಅವಳು ನಿಮ್ಮ ಜೋಡಿ ಬಂದಿರಲಿಲ್ಲ. ಮರುದಿನ ಮಧ್ಯಾಹ್ನದವರೆಗೆ ದವಾಖಾನೆಯಲ್ಲಿ ನಿಮಗೆ ಎಚ್ಚರ ಇರಲಿಲ್ಲ. ಆಮೇಲೆ ಧಾರವಾಡದ ಕೇಂದ್ರಕ್ಕೆ ಹೊರಟೆವು. ದಾರಿಯಲ್ಲಿ ನರಗುಂದದ ಬಸ್‌ ಸ್ಟ್ಯಾಂಡಿನಲ್ಲಿ ಒಂದು ನಿಮಿಷ ಎಂದು ಇಳಿದು ಹೋದವರು ಮುಕ್ಕಾಲು ತಾಸಿಗೆ ಬಂದಿರಿ, ಕೇಂದ್ರಕ್ಕೆ ಸೇರಲು ಹೊರಟ ದಿನವೂ. ಆ ಮುಕ್ಕಾಲು ತಾಸು ನಾನು ನಿಮ್ಮ ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸು ಬಿಟ್ಟರೆ ಏನು ಗತಿ, ಇಳಿದರೆ ಸೀಟು ಹೋದರೆ ಏನು ಗತಿ ಎಂದು ಒದ್ದಾಡಿದ್ದೇನೆ. ತಿರುಗಿ ಊರಿಗೆ ಬಂದಾಗ ದವಾಖಾನೆಯವರು ಕೊಟ್ಟಿದ್ದ ನಿಮ್ಮ ಅಂಗಿಯ ಕಿಸೆಯಲ್ಲಿ ಗೋದಾಮಿನ ಕೀಲಿ ಸಿಕ್ಕಿತು. ಆಗಲೇ ಬೂಂದಿಯ ನೆನಪಾದದ್ದು. ನಾನೂ ಚಿನ್ನುವೂ ಹೋಗಿ ಶಟರ್ ಎತ್ತಿದೆವು. ಚಿನ್ನು ರಸ್ತೆಯಲ್ಲೇ ನಿಂತಳು, ಒಳಗೆ ಒಂದು ಹೆಜ್ಜೆ ಇಡಲಿಲ್ಲ. ಕಡಲೆ ಚೀಲದ ಮೇಲೆ ಪೆಟ್ಟಿಗೆ ಇತ್ತು. ನೀರಿನ ಬಟ್ಟಲು ಒಣಗಿತ್ತು. ಬೂಂದಿಯ ಬೆನ್ನೆಲುಬು ಚರ್ಮದೊಳಗಿಂದ ದಾರದ ಗಂಟುಗಳ ಹಾಗೆ ಕಾಣುತ್ತಿತ್ತು, ಬಾಲ ಕಸಬರಿಗೆಯ ಕಡ್ಡಿ. ಇನ್ನೊಂದು ಪೆಟ್ಟಿಗೆಯಲ್ಲಿ ಹುಳಗಳೂ ಸತ್ತು ಪುಡಿಯಾಗಿದ್ದವು. ನಾಲ್ಕು ದಿನ ನಾವು ಮರೆತದ್ದಕ್ಕೆ ಹೀಗಾಯಿತು ಎಂದು ನಾನು ಅಲ್ಲೇ ಕೂತು ಹಣೆ ಹಣೆ ಬಡಿದುಕೊಂಡೆ. ನಿಮಗೆ ಏನು ಮುಖ ತೋರಿಸಲಿ ಎಂಬುದೇ ನನ್ನ ಚಿಂತೆ. ನಿಮಗೆ ನಾನು ಮುಖ ತೋರಿಸುವ ಚಿಂತೆ!

ಅವತ್ತು ಅತ್ತೆಯವರು ಬಾಳೆಹಣ್ಣು ಕಿವುಚಿ ಇಟ್ಟರು, ಹಾಲು ಇಟ್ಟರು, ತುಪ್ಪದಲ್ಲಿ ಹೆಸರುಬೇಳೆ ಬೇಯಿಸಿ ಇಟ್ಟರು. ಅದು ಕಣ್ಣು ಮುಚ್ಚಿಕೊಂಡಿತು. ಮರುದಿನ ಸರಕಾರಿ ದನದ ದವಾಖಾನೆಗೆ ಒಯ್ದೆ. ಎಮ್ಮೆ, ಹೋರಿಗಳ ನಡುವೆ ನಾನು ಪ್ಲಾಸ್ಟಿಕ್ ಪೆಟ್ಟಿಗೆ ಹಿಡಿದು ಪಾಳಿಯಲ್ಲಿ ನಿಂತರೆ ಒಬ್ಬ ರೈತ, "ಏನ್ ಈದೈತೇನಬೇ ಅದು?" ಎಂದು ಕೇಳಿದ. ಎಲ್ಲರೂ ನಕ್ಕರು. ಡಾಕ್ಟರು ನಗಲಿಲ್ಲ. ಇಂಥದ್ದನ್ನು ನಾನು ನೋಡಿಲ್ಲರಿ ಎಂದು ನೇರ ಹೇಳಿ, ಹುಬ್ಬಳ್ಳಿಯ ತಮ್ಮ ಡಾಕ್ಟರ್ ಗೆಳೆಯರಿಗೆ ವಿಡಿಯೋ ಕರೆ ಮಾಡಿ ತೋರಿಸಿದರು. ಅವರು ಅತ್ತಲಿಂದ ಬಾಲ ನೋಡಿದರು, ತೊಡೆ ನೋಡಿದರು. ಇದರ ಬಾಲ ಅಂದರೆ ಕಾಳಿನ ಕಣಜ ಇದ್ದ ಹಾಗೆ, ಕೊಬ್ಬು ಅಲ್ಲಿ ಕೂಡಿಟ್ಟುಕೊಳ್ಳುತ್ತದೆ, ಉಣ್ಣದೆ ಎಷ್ಟೋ ದಿನ ತಡೆಯುತ್ತದೆ ಎಂದರು. ಆಮೇಲೆ ಅಂದ ಮಾತು ಹಾಗೇ ಬರೆಯುತ್ತೇನೆ: "ಇದು ನಾಕ್ ದಿನದ ಉಪವಾಸ ಅಲ್ರಿ ಬಾಯಾರ. ಮೂರ್ ತಿಂಗಳಿಂದ ಇದಕ್ಕ ಯಾರೂ ಸರಿಯಾಗಿ ಉಣಿಸಿಲ್ಲ." ಬರುವಾಗ ಈಶಪ್ಪ ಕಾಕಾನ ತಕ್ಕಡಿಯಲ್ಲಿ ಇಟ್ಟರೆ ಇಪ್ಪತ್ತೇಳು ಗ್ರಾಂ. ಕಾಕಾ ಅವತ್ತು ಚೇಷ್ಟೆ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ತೂಗಿದರು. ಇಪ್ಪತ್ತೇಳೇ.

ಮನೆಗೆ ಬಂದು ಚಿನ್ನುವಿನ ವಹಿ ತೆಗೆದೆ. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್. ದಿನಾ ಐದು ಹುಳ, ಆರು ಹುಳ, ಗೌರಿ ಹುಣ್ಣಿಮೆಗೆ ಏಳು. ಗುಂಡನೆಯ ಅಕ್ಷರ, ಪಕ್ಕದಲ್ಲಿ ಕೆಂಪು ಪೆನ್ನಿನ ಸರಿ ಗುರುತು. ಇವೆಲ್ಲ ತಿಂದಿದ್ದರೆ ಬೂಂದಿ ಉಡದಷ್ಟು ಆಗಬೇಕಿತ್ತು. ಕರೆದು ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ, ವಹಿಯ ಮೂಲೆ ಮಡಚುತ್ತಾ, "ಪಪ್ಪಾ ಹೇಳಿದಷ್ಟು ಬರ್ದೀನಿ" ಎಂದಳು. ಮೂರನೇ ಇಯತ್ತೆಯ ಹುಡುಗಿ. ಅವರ ಟೀಚರು ಹೋದ ವಾರ ನನ್ನನ್ನು ಕರೆದು, ನಿಮ್ಮ ಮಗಳು ತಪ್ಪದೆ ಸಾವಿರದವರೆಗೆ ಎಣಿಸುತ್ತಾಳೆ, ಮನೆಯಲ್ಲಿ ಯಾರು ಇಷ್ಟು ಚಲೋ ಹೇಳಿಕೊಟ್ಟಿರಿ ಎಂದು ಕೇಳಿದರು. ಅವಳ ಪಪ್ಪಾ ಎಂದೆ. ಬೇರೆ ಏನು ಹೇಳಲಿ?

ಅವತ್ತೇ ಸಂಜೆ ನಾನು ಹುಳ ಮನೆಯೊಳಗೆ ತಂದೆ. ಹಿಟ್ಟಿನ ಗಿರಣಿಯ ಅಂಜುಮ ಕೊಟ್ಟಳು. ಅವಳ ಗಿರಣಿಯಲ್ಲಿ ಹಳೇ ತೌಡಿನ ಡಬ್ಬಿಯೊಳಗೆ ಹಳದಿ ಹುಳ ತಾವೇ ಆಗುತ್ತವೆ. "ನಿಮ್ಮಂಥಾರ ಮನೀಗೆ ನಾ ಹುಳಾ ಕೊಟ್ಟೆ ಅಂತ ಮುದುಕವ್ವಾರು ನನ್ನ ಗಿರಣಿಗೆ ಜ್ವಾಳಾ ಕಳಸೂದು ಬಿಟ್ರ ಹ್ಯಾಂಗ ರಾಜಕ್ಕಾ?" ಎಂದು ನಗುತ್ತಲೇ ಕೊಟ್ಟಳು. ಅತ್ತೆಯವರು ಬಾಗಿಲಲ್ಲೇ ನಿಂತಿದ್ದರು. "ನನ್ನ ಮಗನ್ನ ಹೊರಗ ಹಾಕಿದಿ, ಹುಳಾ ಒಳಗ ತಂದಿ" ಎಂದರು. ನನಗೂ ಬಾಯಿ ತಡೆಯಲಿಲ್ಲ. ವಹಿ ಅವರ ಮುಂದೆ ಇಟ್ಟು, ತಕ್ಕಡಿಯ ಲೆಕ್ಕ ಹೇಳಿ, ನಿಮ್ಮ ಮಡಿಯನ್ನೇ ನಿಮ್ಮ ಮಗ ನೆಪ ಮಾಡಿಕೊಂಡು ಮೂರು ತಿಂಗಳು ಕುಡಿಯಲು ಹೋಗಿದ್ದಾರೆ ಎಂದು ಹೇಳಿಬಿಟ್ಟೆ. ಹನ್ನೊಂದು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಎರಡು ದಿನ ಅವರು ನನ್ನ ಕೈಯ ನೀರು ಮುಟ್ಟಲಿಲ್ಲ. ಮೂರನೇ ದಿನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡವರು ಹಾಗೇ ಬಂದು ಬೂಂದಿಯ ಪೆಟ್ಟಿಗೆಯ ಮುಂದೆ ಕೂತರು. "ನನ್ನ ಲಿಂಗದ ಮುಂದ ಇಷ್ಟು ದಿನ ಸುಳ್ಳು ನಡದೈತಿ. ಹುಳಾನೂ ನಡೀಲಿ ಬಿಡು" ಎಂದರು. ಅವತ್ತು ಅವರು ಅತ್ತದ್ದನ್ನು ನಾನು ನೋಡದವಳ ಹಾಗೆ ಇದ್ದೆ.

ಆದರೆ ಹುಳ ತಂದ ಮಾತ್ರಕ್ಕೆ ಅದು ತಿನ್ನಬೇಕಲ್ಲ. ಹಸಿದು ಹಸಿದು ಹಸಿವೆಯನ್ನೇ ಮರೆತಿತ್ತು. ಹುಳ ಅದರ ಮೂಗಿನ ಮುಂದೆ ಹರಿದುಹೋದರೂ ಸುಮ್ಮನೆ ಇರುತ್ತಿತ್ತು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತರಿಸಿದ ಶಕ್ತಿಯ ಪುಡಿಯನ್ನು ನೀರಲ್ಲಿ ಕಲಸಿ, ಸೂಜಿ ಇಲ್ಲದ ಸಿರಿಂಜಿನಿಂದ ತುಟಿಯ ಮೇಲೆ ಒಂದೊಂದೇ ಹನಿ ಇಡಬೇಕು. ಅದು ನಾಲಿಗೆ ಚಾಚಿ ನೆಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಯಿ ತೆರೆಸಲು ಒತ್ತಾಯ ಮಾಡಬಾರದು, ದವಡೆ ಮುರಿದೀತು. ಒಂದೊಂದು ಸಲ ಹತ್ತು ಹನಿಗೆ ಒಂದು ತಾಸು. ಹೊಟ್ಟೆಯ ಕೆಳಗೆ ಬೆಚ್ಚಗಿರಬೇಕು, ಇಲ್ಲದಿದ್ದರೆ ತಿಂದದ್ದು ಅರಗುವುದಿಲ್ಲ. ಕರೆಂಟು ಹೋದಾಗಲೆಲ್ಲ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪೆಟ್ಟಿಗೆಯ ಕೆಳಗೆ ಇಡುತ್ತಿದ್ದೆ. ನಿಮ್ಮವೇ ಬಾಟಲಿಗಳು, ಅಟ್ಟದ ಮೇಲೆ ಜ್ವಾಳದ ಗುಮ್ಮಿಯ ಹಿಂದೆ ಸಿಕ್ಕವು. ಬಿಸಿ ಹೆಚ್ಚಾಯಿತೇನೋ, ಕಡಿಮೆ ಆಯಿತೇನೋ ಎಂದು ನನ್ನ ಕೆನ್ನೆ ಇಟ್ಟು ನೋಡುವುದು. ತೂಕ ವಾರಕ್ಕೊಮ್ಮೆ ಸಾಕು ಎಂದು ಡಾಕ್ಟರು ಹೇಳಿದ್ದರು, ನಾನು ದಿನಾ ಒಯ್ಯುತ್ತಿದ್ದೆ. "ಏ ರಾಜೇಶ್ವರಿ, ಬಂಗಾರದ ರೇಟರ ದಿನಾ ಏರತೈತಿ, ನಿನ್ನ ಹಲ್ಲಿ ಏರೂದಿಲ್ಲ, ಮನೀಗೆ ಹೋಗು" ಎಂದು ಕಾಕಾ ಬೈದರು. ಏರುವುದಿರಲಿ, ಡಿಸೆಂಬರ್ ನಡುವೆ ಇಪ್ಪತ್ತೈದಕ್ಕೆ ಇಳಿಯಿತು. ಆ ವಾರ ನಾನು ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಜಾಗವನ್ನೂ ನೋಡಿ ಇಟ್ಟಿದ್ದೆ. ಸತ್ತರೆ ಚಿನ್ನು ಸಾಲಿಯಿಂದ ಬರುವುದರೊಳಗೆ ಮಣ್ಣು ಮಾಡಬೇಕಲ್ಲ.

ಡಿಸೆಂಬರ್ 20ಕ್ಕೆ, ಶುಕ್ರವಾರ, ಅತ್ತೆಯವರೇ ಇಕ್ಕಳದಲ್ಲಿ ಹುಳ ಹಿಡಿದು ಕೂತಿದ್ದರು. ಕಣ್ಣು ಮುಚ್ಚಿಕೊಂಡು ಶಿವ ಶಿವ ಎನ್ನುತ್ತಾ ಹಿಡಿದಿದ್ದರು, ಕೊಲ್ಲುವುದನ್ನು ನೋಡಬಾರದು ಎಂದು. ಬೂಂದಿ ತಲೆ ಎತ್ತಿತು. ಬಾಲದ ತುದಿ ನಡುಗಿತು. ಟಪ್ ಎಂದು ಕಚ್ಚಿ ಎಳೆದುಕೊಂಡಿತು. ಅತ್ತೆಯವರು ಇಕ್ಕಳ ಬಿಟ್ಟು, "ಯವ್ವಾ, ತಿಂತು!" ಎಂದು ಕೂಗಿದ್ದು ಅಂಜುಮಳ ಗಿರಣಿಯವರೆಗೂ ಕೇಳಿಸಿತಂತೆ. ಜನವರಿ ಮೊದಲ ವಾರ ಮೂವತ್ತು, ಸಂಕ್ರಾಂತಿ ಆದ ಮೇಲೆ ಮೂವತ್ನಾಲ್ಕು, ಹೋದ ರವಿವಾರ ಮೂವತ್ತೆಂಟು. ಇವತ್ತು ಮುಂಜಾನೆ ನಲವತ್ತೊಂದು. ಬಾಲ ನನ್ನ ಕಿರುಬೆರಳಿನಷ್ಟಾಗಿದೆ. ಇಷ್ಟು ಮಾಡಿದ್ದಕ್ಕೆ ನೀವು ನನಗೆ ಉಪಕಾರ ಹೇಳಬೇಡಿರಿ. ನಿಮಗಾಗಿ ಮಾಡಿಲ್ಲ. ಅದರ ತಪ್ಪು ಏನೂ ಇರಲಿಲ್ಲ, ಪೆಟ್ಟಿಗೆಯಲ್ಲಿ ಹಾಕಿ ಎಲ್ಲಿಗೆ ಒಯ್ದರೆ ಅಲ್ಲಿಗೆ ಹೋಗಿ ಕೂತಿತ್ತು, ಅಷ್ಟೇ. ಬಾಯಿ ಇಲ್ಲದ್ದು, ಹೇಳಲು ಬರಲಿಲ್ಲ. ಮೈ ಒಣಗಿಸಿಕೊಂಡು ಹೇಳಿತು.

ಚಿನ್ನುವಿನ ವಿಷಯ. ಉಣ್ಣುತ್ತಾಳೆ, ಸಾಲಿಗೆ ಹೋಗುತ್ತಾಳೆ. ಆದರೆ ಬಚ್ಚಲ ಬಾಗಿಲು ಹಾಕಿಕೊಳ್ಳುವುದಿಲ್ಲ. ಎಂಟು ವರ್ಷದ ಹುಡುಗಿ, ನಾಚಿಕೆ ಬರಬೇಕಾದ ವಯಸ್ಸು, ನಾನು ಹೊರಗೆ ಸೆರಗು ಅಡ್ಡ ಹಿಡಿದು ನಿಲ್ಲಬೇಕು. ಬೂಂದಿಯ ಪೆಟ್ಟಿಗೆಗೂ ಮುಚ್ಚಳ ಹಾಕಲು ಬಿಡುವುದಿಲ್ಲ. ಬೆಕ್ಕು ಬಂದೀತು ಎಂದು ನಾನು ಜಾಳಿಗೆ ಹೊಚ್ಚಿದ್ದೇನೆ. ಮೊನ್ನೆ ಶುಕ್ರವಾರ ಬೂಂದಿ ಪೊರೆ ಬಿಟ್ಟಿತು. ಬೆರಳುಗಳಿಗೆ ಹಳೇ ಚರ್ಮ ಸಿಕ್ಕಿಕೊಂಡು ಉಳಿಯಿತು. ಹಾಗೇ ಬಿಟ್ಟರೆ ರಕ್ತ ನಿಂತು ಬೆರಳೇ ಉದುರುತ್ತವೆ, ಒದ್ದೆ ಬಟ್ಟೆ ಹಾಸಿದ ಸಣ್ಣ ಡಬ್ಬಿಯಲ್ಲಿ ಹತ್ತು ನಿಮಿಷ ಮುಚ್ಚಿ ಇಡಿರಿ, ಮುಚ್ಚಳಕ್ಕೆ ತೂತು ಇರಲಿ ಎಂದು ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ಹೇಳಿದರು. ನಾನು ಡಬ್ಬಿಯ ಮುಚ್ಚಳ ಹಾಕಿದೆನೋ ಇಲ್ಲವೋ, ಚಿನ್ನು ಬಂದು ನನ್ನ ಕೈ ಕಚ್ಚಿದಳು. ಖರೇನೇ ಕಚ್ಚಿದಳು, ಗುರುತು ಇದೆ. ಡಬ್ಬಿ ಕಸಿದುಕೊಂಡು ಎದೆಗೆ ಅವಚಿಕೊಂಡು ಕಿರುಚಿದಳು, "ಮುಚ್ಚಬ್ಯಾಡ ಮಮ್ಮಿ! ಅದಕ್ಕ ಎಣಸಾಕ ಬರೂದಿಲ್ಲ!"

ಆಮೇಲೆ ನಾವು ಮುಚ್ಚಳ ಇಲ್ಲದೆಯೇ ಮಾಡಿದೆವು. ನಾನು ಒದ್ದೆ ಬಟ್ಟೆ ಹಿಡಿದೆ, ಅವಳು ಹತ್ತಿಕಡ್ಡಿಯಿಂದ ಒಂದೊಂದೇ ಬೆರಳು ಬಿಡಿಸಿದಳು. ಇಪ್ಪತ್ತು ಬೆರಳೂ ಉಳಿದವು.

ಅತ್ತೆಯವರು ಆಶೀರ್ವಾದ ಬರೆಯಲು ಹೇಳಿದ್ದಾರೆ, ಬರೆದಿದ್ದೇನೆ. ಈಶಪ್ಪ ಕಾಕಾ ಕೇಳಿದ್ದೇನೆಂದು ತಿಳಿಸು ಎಂದಿದ್ದಾರೆ. ಅಂಜುಮಳೂ. ಚಿನ್ನು ಬೂಂದಿಯ ಚಿತ್ರ ಬರೆದುಕೊಟ್ಟಿದ್ದಾಳೆ, ಪತ್ರದ ಜೋಡಿ ಇಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಗುಳಿಗೆ ತಪ್ಪಿಸಬೇಡಿರಿ, ಬೆಳಿಗ್ಗೆ ಚಳಿಯಲ್ಲಿ ತಣ್ಣೀರು ಸ್ನಾನ ಮಾಡಬೇಡಿರಿ. ಮೊದಲೆಲ್ಲ ಪತ್ರದ ಕೊನೆಗೆ ನಿಮ್ಮ ಪಾದಕ್ಕೆ ಎಂದು ಬರೆಯಲು ನಮ್ಮವ್ವ ಕಲಿಸಿದ್ದಳು. ಈ ಸಲ ಹೆಸರು ಮಾತ್ರ ಬರೆಯುತ್ತೇನೆ.

ರಾಜೇಶ್ವರಿ

ತಾ.ಕ.: ಅಂಚೆಪೆಟ್ಟಿಗೆ ತೆಗೆಯುವ ಹೊತ್ತಾಯಿತು ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ಬರೆಯಬಾರದು ಎಂದೇ ಮೇಲೆ ಇಷ್ಟು ಹಾಳೆ ಬರೆದೆ. ಶುಕ್ರವಾರ ಬೂಂದಿಯ ಬೆರಳು ಬಿಡಿಸುತ್ತಾ ಬಿಡಿಸುತ್ತಾ ಚಿನ್ನು ತಾನಾಗಿ ಹೇಳಿದಳು. ಗೋದಾಮಿಗೆ ಹೋದ ಮೇಲೆ ಪಪ್ಪಾ ಬೂಂದಿಯನ್ನು ಅವಳ ಕೈಗೆ ಕೊಟ್ಟು, "ಸಾವಿರದ ತನಕಾ ಎಣಸು, ಅಷ್ಟರಾಗ ಬರ್ತೀನಿ" ಎಂದು ಶಟರ್ ಎಳೆದು ಕೀಲಿ ಹಾಕಿ ಹೋಗುತ್ತಿದ್ದರಂತೆ. ಒಳಗೆ ಕತ್ತಲೆ. ಅವಳು ಬೆರಳಿಂದ ಶಟರ್ ತಟ್ಟಿ ತಟ್ಟಿ ಎಣಿಸುತ್ತಿದ್ದಳಂತೆ, ಲೆಕ್ಕ ತಪ್ಪಬಾರದು ಎಂದು. ಎಷ್ಟು ಸಾವಿರ ಆಗುತ್ತಿತ್ತು ಎಂದು ಕೇಳಿದೆ. "ಒಂದೊಂದ್ಸಲ ನಾಕು" ಎಂದಳು. ನೀವು ಬಿದ್ದ ದಿನ ಅವಳಿಗೆ ಜ್ವರ ಬಂದಿತ್ತು ಎಂದು ಮೇಲೆ ಬರೆದಿದ್ದೇನೆ. ಬಂದಿರದಿದ್ದರೆ ನಾನೇ ಅವಳನ್ನು ಬೈಕಿನ ಮೇಲೆ ಹತ್ತಿಸುತ್ತಿದ್ದೆ, ಕೀಲಿ ನಿಮ್ಮ ಕಿಸೆಯಲ್ಲಿ ಇರುತ್ತಿತ್ತು. ಮುಂದಿನದು ನನಗೆ ಬರೆಯಲು ಆಗುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡನೇ ಹಾಳೆಯಲ್ಲಿ ಒಂದು ಸಾಲು ಇದೆ: "ಚಿನ್ನು ನನ್ನ ಜೊತೆ ಬಂದಾಗ ಹೊರಗೆ ಬೈಕಿನ ಹತ್ತಿರ ಆಡಿಕೊಂಡು ಇರುತ್ತಿದ್ದಳು." ಆ ಸಾಲನ್ನು ಇನ್ನೊಮ್ಮೆ ನೆನಪು ಮಾಡಿ ನೋಡಿರಿ. ಹೊರಗೆ ಇದ್ದಳೋ, ಒಳಗೆ ಇದ್ದಳೋ. ಶಟರ್ ಮೇಲಿತ್ತೋ, ಕೆಳಗಿತ್ತೋ. ಬೇರೆ ಏನೂ ಬರೆಯಬೇಡಿರಿ, ಬೂಂದಿಯನ್ನೂ ಕೇಳಬೇಡಿರಿ, ಅದೊಂದು ಮಾತು ಬರೆಯಿರಿ. 25ರ ಒಳಗೆ ಮುಟ್ಟುವ ಹಾಗೆ ಬರೆಯಿರಿ. ಸಹಿಯ ಕಾಗದ ಅಲ್ಲಿಯವರೆಗೆ ಬೂಂದಿಯ ಪೆಟ್ಟಿಗೆಯ ಕೆಳಗೆ ಇರುತ್ತದೆ.